ಅಂಗೈಯ ತಿನಿಸು ಮತ್ತು ಪ್ರಮಾದದ ಪ್ರಶ್ನೆ

ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ ಬಂಧುಗಳು ಒಬ್ಬರ ಮನೆಗೆ ಒಬ್ಬರು ಹೋಗಿ, ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪುಗಳಿಗೆ ಕ್ಷಮೆ ಬೇಡುವ ಪದ್ಧತಿ ಶ್ರಾವಕರ ಮನೆಗಳಲ್ಲಿ ಇಂದಿಗೂ ಉಳಿದಿದೆ. ಬೆಂಗಳೂರಿನ ಅಂತಹ ಒಂದು ಮನೆಯಲ್ಲಿ ಆ ದಿನ ಬಂದವರೆಲ್ಲರ ಕಣ್ಣು ಬಿದ್ದುದು ಹಜಾರದ ಮೂಲೆಯಲ್ಲಿದ್ದ ಪಂಜರದ ಮೇಲೆ. ಒಂಬತ್ತು ವರ್ಷದ ಮಗಳ ಹಟಕ್ಕೆ ಮಣಿದು ತಂದೆ ಎರಡು ವಾರಗಳ ಹಿಂದಷ್ಟೆ ಕೊಂಡು ತಂದಿದ್ದ ಹ್ಯಾಮ್‌ಸ್ಟರ್ ಮರಿ ಅದರಲ್ಲಿತ್ತು. ಹೊಂಬಣ್ಣದ ಮೈ, ಕರಿಮಣಿಯಂತಹ ಕಣ್ಣು, ಮನುಷ್ಯರಂತೆಯೇ ಎರಡೂ ಕೈಗಳಿಂದ ಹಿಡಿದು ತಿನ್ನುವ ರೀತಿ. ಬಂದವರೊಬ್ಬರು ಒಂದು ಗೋಡಂಬಿ ಕೊಟ್ಟರು. ಇನ್ನೊಬ್ಬರು ದ್ರಾಕ್ಷಿ ಕೊಟ್ಟರು. ಮಕ್ಕಳು ಹೋಳಿಗೆಯ ಚೂರು, ಬಿಸ್ಕತ್ತಿನ ತುಂಡುಗಳನ್ನು ಪಂಜರದ ಸರಳುಗಳ ನಡುವೆ ತೂರಿಸಿದರು. ಅದು ಎಲ್ಲವನ್ನೂ ಕೆನ್ನೆಗೆ ತುಂಬಿಕೊಂಡು ಗೂಡಿನೊಳಗೆ ಹೋಗುವುದು, ಬರಿಗೆನ್ನೆಯೊಂದಿಗೆ ಮರಳಿ ಬಂದು ನಿಲ್ಲುವುದು, ಹೀಗೆ ಸಂಜೆಯವರೆಗೂ ನಡೆಯಿತು. "ಪಾಪ, ಎಷ್ಟು ಹಸಿದಿದೆ ನೋಡಿ" ಎಂದು ಹಿರಿಯರೊಬ್ಬರು ಮರುಗಿದರು.

ಮೂರನೆಯ ದಿನ ಆ ಪ್ರಾಣಿ ಭೇದಿಯಿಂದ ಬಾಲದವರೆಗೆ ಒದ್ದೆಯಾಗಿ ಮುದುಡಿ ಕುಳಿತಿತ್ತು. ಐದನೆಯ ದಿನ ಬೆಳಿಗ್ಗೆ ಅದರಲ್ಲಿ ಜೀವವಿರಲಿಲ್ಲ. ಪಂಜರದ ಮರದ ಹೊಟ್ಟನ್ನು ಕೆದಕಿದಾಗ ಅಡಿಯಲ್ಲಿ ಕೊಳೆತ ದ್ರಾಕ್ಷಿಗಳೂ ಬೂಷ್ಟು ಹಿಡಿದ ಹೋಳಿಗೆಯೂ ದೊರೆತವು. ಆ ಮಗು ಅಜ್ಜನ ಬಳಿ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಅಜ್ಜಾ, ಅದನ್ನ ನಾವೇ ಕೊಂದ್ವಾ?"

ನಿತ್ಯ ಸ್ವಾಧ್ಯಾಯ ಮಾಡುವ ಆ ಹಿರಿಯರಿಗೆ ಕೂಡಲೇ ಉತ್ತರ ಹೊಳೆಯಲಿಲ್ಲವೆಂದರೆ ಆಶ್ಚರ್ಯವಿಲ್ಲ. ಇಲ್ಲವೆಂದು ಹೇಳಿ ಮಗುವನ್ನು ಸಮಾಧಾನಪಡಿಸುವುದು ಸುಲಭ. ಆದರೆ ಅದು ಸತ್ಯವೇ? ಹೌದೆಂದು ಹೇಳಿದರೆ, ಪ್ರೀತಿಯಿಂದ ಕೊಟ್ಟ ಒಂದು ದ್ರಾಕ್ಷಿಯನ್ನು ಕಟುಕನ ಕತ್ತಿಯ ಪಕ್ಕದಲ್ಲಿಟ್ಟಂತಾಗುತ್ತದೆ. ಅದೂ ಸತ್ಯವಲ್ಲ.

ಗೃಹಸ್ಥನ ಬದುಕಿನಲ್ಲಿ ಘಟಿಸುವ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವುದು ವಾಡಿಕೆ. ಕೊಲ್ಲಬೇಕೆಂಬ ಸಂಕಲ್ಪ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಆದ್ದರಿಂದ ಇದನ್ನು ಆರಂಭೀ ಹಿಂಸೆಯ ಖಾತೆಗೆ, ಅಂದರೆ ಅಡಿಗೆ, ಗುಡಿಸುವಿಕೆ, ನೀರು ಕಾಯಿಸುವಿಕೆಗಳಲ್ಲಿ ತಪ್ಪಿಸಲಾಗದೆ ಆಗುವ ಹಿಂಸೆಯ ಖಾತೆಗೆ ಬರೆದು ಲೆಕ್ಕ ಮುಗಿಸೋಣವೆಂದು ಮನಸ್ಸು ಹೇಳುತ್ತದೆ. ಆದರೆ ಆ ಖಾತೆಗೆ ಬರೆಯಬೇಕಾದರೆ ಆ ಕೆಲಸ ಅನಿವಾರ್ಯವಾಗಿರಬೇಕು. ಒಲೆ ಹಚ್ಚದೆ ಸಂಸಾರ ನಡೆಯದು. ಹ್ಯಾಮ್‌ಸ್ಟರ್‌ಗೆ ಗೋಡಂಬಿ ಕೊಡದೆ ನಡೆಯದ ಸಂಸಾರವಿಲ್ಲ. ಅದರ ದೈನಂದಿನ ಆಹಾರ ಬೇರೆಯೇ ಇದೆ. ತಿನಿಸು ಅದರ ಮೇಲಿನ ಹೆಚ್ಚುವರಿ. ಕೊಡುವವರ ಸಂತೋಷಕ್ಕಾಗಿ ಕೊಡುವಂತಹುದು. ಅನಿವಾರ್ಯವಲ್ಲದ ಕ್ರಿಯೆಯಿಂದ ಆದ ನೋವಿಗೆ ಅನಿವಾರ್ಯತೆಯ ಆಶ್ರಯ ದೊರೆಯಲಾರದು.

ಹಾಗಾದರೆ ಆ ಜೀವಿಯನ್ನೇ ಮೊದಲು ತಿಳಿಯಬೇಕಾಗುತ್ತದೆ. ಮನೆಗಳಲ್ಲಿ ಸಾಕುವ ಹೊಂಬಣ್ಣದ ಹ್ಯಾಮ್‌ಸ್ಟರ್ ಸಿರಿಯಾ ದೇಶದ ಅಲೆಪ್ಪೋ ಸುತ್ತಿನ ಒಣ ಬಯಲುಗಳದು. 1839ರಲ್ಲಿ ಇಂಗ್ಲೆಂಡಿನ ವಾಟರ್‌ಹೌಸ್ ಎಂಬ ಪ್ರಾಣಿಶಾಸ್ತ್ರಜ್ಞರು ಇದನ್ನು ಮೊದಲು ವರ್ಣಿಸಿದರು. 1930ರ ಏಪ್ರಿಲಿನಲ್ಲಿ ಇಸ್ರೇಲ್ ಅಹರೋನಿ ಎಂಬ ವಿದ್ವಾಂಸರು ಅಲ್ಲಿಯ ಒಂದು ಗೋಧಿ ಹೊಲವನ್ನು ಅಗೆಸಿ, ಸುಮಾರು ಎಂಟು ಅಡಿ ಆಳದ ಬಿಲದಿಂದ ಒಂದು ತಾಯಿಯನ್ನೂ ಅದರ ಮರಿಗಳನ್ನೂ ಹಿಡಿಸಿ, ಮರಿಗಳನ್ನು ಜೆರುಸಲೇಮಿಗೆ ಒಯ್ದರು. ಕಾಲಾ ಅಜಾರ್ ಜಾತಿಯ ರೋಗಗಳ ಸಂಶೋಧನೆಗೆ ಪ್ರಯೋಗಪ್ರಾಣಿ ಬೇಕಾಗಿತ್ತು. ಅದಕ್ಕಾಗಿ ಈ ಬೇಟೆ. ಬದುಕುಳಿದ ಬೆರಳೆಣಿಕೆಯ ಮರಿಗಳ ಸಂತಾನವೇ ಇಂದು ಪ್ರಪಂಚದ ಪ್ರಯೋಗಾಲಯಗಳಲ್ಲಿಯೂ ಮಕ್ಕಳ ಕೋಣೆಗಳಲ್ಲಿಯೂ ಹರಡಿದೆ. ಪಂಜರಗಳಲ್ಲಿ ಲಕ್ಷಗಟ್ಟಲೆ ಇರುವ ಈ ಪ್ರಾಣಿ ತನ್ನ ಸ್ವಂತ ನೆಲದಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ 2020ರಲ್ಲಿ ಸೇರಿದೆ. ಮುದ್ದಿಸಲ್ಪಡುವ ಜೀವಿಗಳ ಚರಿತ್ರೆಯೂ ಸೆರೆಯ ಚರಿತ್ರೆಯೇ ಎಂಬುದನ್ನು ಮರೆಯಬಾರದು.

ಅದರ ಹೆಸರೇ ಅದರ ಸ್ವಭಾವವನ್ನು ಹೇಳುತ್ತದೆ. ಜರ್ಮನ್ ಭಾಷೆಯಲ್ಲಿ ಈ ಶಬ್ದದಿಂದಲೇ ಹುಟ್ಟಿದ ಕ್ರಿಯಾಪದಕ್ಕೆ ಕೂಡಿಡುವುದು, ದಾಸ್ತಾನು ಮಾಡುವುದು ಎಂಬ ಅರ್ಥವಿದೆ. ಬಾಯಿಯ ಎರಡು ಬದಿಗೂ ಭುಜದವರೆಗೆ ಹಿಗ್ಗುವ ಕೆನ್ನೆಚೀಲಗಳಿವೆ. ಕಂಡ ಕಾಳನ್ನು ಅಲ್ಲಿ ತುಂಬಿ ಉಗ್ರಾಣಕ್ಕೆ ಸಾಗಿಸುವುದು ಅದರ ಹುಟ್ಟುಗುಣ. ಮಳೆ ಅಪರೂಪವಾದ ನೆಲದಲ್ಲಿ ಬದುಕಿದ ಪೂರ್ವಜರಿಂದ ಬಂದ ಬುದ್ಧಿ ಅದು. ಅಪರಿಗ್ರಹದ ದೃಷ್ಟಿಯಿಂದ ಅದನ್ನು ಗೇಲಿ ಮಾಡುವ ಅಧಿಕಾರ ಗೋದಾಮು ತುಂಬಿದ ಮನುಷ್ಯನಿಗಂತೂ ಇಲ್ಲ.

ಈ ಸ್ವಭಾವದಲ್ಲಿಯೇ ಕೊಡುವವನಿಗೆ ಒಂದು ಮೋಸ ಅಡಗಿದೆ. ಹಸು ಹೊಟ್ಟೆ ತುಂಬಿದರೆ ಮುಖ ತಿರುಗಿಸುತ್ತದೆ. ಹ್ಯಾಮ್‌ಸ್ಟರ್ ಹಾಗಲ್ಲ. ಹಸಿವೆಯಿದ್ದರೂ ಇಲ್ಲದಿದ್ದರೂ ಅದು ತೆಗೆದುಕೊಳ್ಳುತ್ತದೆ, ಒಳಗೆ ಇಟ್ಟು ಬರುತ್ತದೆ. ಬಟ್ಟಲು ಖಾಲಿಯಾಯಿತೆಂಬುದು ಅದು ತಿಂದಿತೆಂಬುದಕ್ಕೆ ಸಾಕ್ಷಿಯಲ್ಲ; ಮತ್ತೆ ಬಂದು ನಿಂತಿತೆಂಬುದು ಹಸಿದಿದೆಯೆಂಬುದಕ್ಕೂ ಸಾಕ್ಷಿಯಲ್ಲ. ಅಂಗಡಿಯ ಮುಂಗಟ್ಟೆ ಬರಿದಾಗಿದೆಯೆಂದು ಹಿಂದಿನ ಗೋದಾಮನ್ನು ನೋಡದೆ ಸರಕು ತರಿಸುವ ವ್ಯಾಪಾರಿ ಎಷ್ಟು ದಿನ ನಿಂತಾನು? ಆ ಕ್ಷಮಾವಾಣಿಯ ದಿನ ಮರುಕಪಟ್ಟ ಹಿರಿಯರು ಮಾಡಿದ ತಪ್ಪು ಇಷ್ಟೆ: ಸ್ವೀಕಾರವನ್ನು ಅಗತ್ಯವೆಂದು ಓದಿದರು.

ಇನ್ನು ತೂಕದ ಮಾತು. ಬೆಳೆದ ಸಿರಿಯನ್ ಹ್ಯಾಮ್‌ಸ್ಟರ್ ಹೆಚ್ಚುಕಡಮೆ 120 ಗ್ರಾಂ ತೂಗುತ್ತದೆ. 24 ಕಿಲೋ ತೂಗುವ ಮಗು ಅದರ 200 ಪಟ್ಟು. ಒಂದು ಗೋಡಂಬಿ ಒಂದೂವರೆ ಗ್ರಾಂ ಎಂದಿಟ್ಟುಕೊಂಡರೆ, ಆ ಪ್ರಾಣಿಗೆ ಒಂದು ಗೋಡಂಬಿ ಕೊಡುವುದು ಆ ಮಗುವಿನ ಮುಂದೆ 300 ಗ್ರಾಂ ಗೋಡಂಬಿ ಇಟ್ಟಂತೆ. ಐದು ಗ್ರಾಂ ತೂಗುವ ಒಂದು ದ್ರಾಕ್ಷಿ ಮಗುವಿನ ಪಾಲಿಗೆ ಒಂದು ಕಿಲೋ. ಮರಿಯಾಗಿದ್ದರೆ, ಅಥವಾ 30ರಿಂದ 50 ಗ್ರಾಂ ಮಾತ್ರ ತೂಗುವ ಕುಳ್ಳ ಜಾತಿಯದಾಗಿದ್ದರೆ, ಲೆಕ್ಕ ಇನ್ನೂ ಏರುತ್ತದೆ. ತನ್ನ ಮೊಮ್ಮಗುವಿಗೆ ಒಂದೇ ಕೂರಿಗೆ ಒಂದು ಕಿಲೋ ದ್ರಾಕ್ಷಿ ತಿನ್ನಿಸಲು ಒಪ್ಪುವ ಅಜ್ಜಿ ಲೋಕದಲ್ಲಿಲ್ಲ. ಒಂದೇ ಒಂದು ದ್ರಾಕ್ಷಿ ಎಂಬ ಮಾತಿನಲ್ಲಿ ಅಳೆಯುವವನ ಕೈಯಿದೆ, ತಿನ್ನುವವನ ಹೊಟ್ಟೆಯಿಲ್ಲ. ಚಿನಿವಾರನ ತಕ್ಕಡಿ ಬೇಕಾದಲ್ಲಿ ಮಂಡಿಯ ತಕ್ಕಡಿಯನ್ನು ಬಳಸಿದಂತೆ ಇದು.

ದಾನದ ವಿಶೇಷವು ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರಿಂದ ಉಂಟಾಗುತ್ತದೆಂದು ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹೇಳಿದ್ದಾರೆ. ಆ ಮಾತು ಮುಖ್ಯವಾಗಿ ಮುನಿಗಳಿಗೆ ಕೊಡುವ ಆಹಾರದಾನವನ್ನು ಕುರಿತದ್ದು; ಪ್ರಾಣಿಗೆ ಕೊಡುವುದು ಕರುಣಾದಾನ, ಅದರ ಮಟ್ಟ ಬೇರೆ. ಆದರೂ ಮುನಿಗಳಿಗೆ ಆಹಾರ ಕೊಡುವಾಗ ಶ್ರಾವಕರು ತೋರುವ ಎಚ್ಚರ, ಅಂದರೆ ದ್ರವ್ಯ ಯೋಗ್ಯವೇ, ಕಾಲ ಯೋಗ್ಯವೇ, ಅವರ ದೇಹಸ್ಥಿತಿಗೆ ಒಗ್ಗುವುದೇ ಎಂಬ ವಿಚಾರ, ಮೂಕಪ್ರಾಣಿಯ ಬಳಿ ಬಂದಾಗ ಏಕೆ ಕಳಚಿ ಬೀಳಬೇಕು? ಮುನಿಗಳು ಬೇಡವೆಂದು ಕೈಮುಚ್ಚಬಲ್ಲರು. ಈ ಪ್ರಾಣಿಗೆ ಆ ಶಕ್ತಿಯೂ ಇಲ್ಲ.

ದ್ರವ್ಯದ ವಿಚಾರ ಹೀಗಿದೆ. ಬೆಳೆದ ಪ್ರಾಣಿಗೆ ದಿನಕ್ಕೆ ಸುಮಾರು ಹತ್ತು ಗ್ರಾಂ ಒಣ ಆಹಾರವೇ ಮುಖ್ಯ ಊಟ. ಅದು ಎಲ್ಲ ಪೋಷಕಾಂಶಗಳನ್ನೂ ಬೆರೆಸಿ ಮಾಡಿದ ಗುಳಿಗೆಯಾಕಾರದ್ದಾದರೆ ಒಳ್ಳೆಯದು. ಬರಿಯ ಕಾಳುಗಳ ಮಿಶ್ರಣವಾದರೆ ಅದು ಎಣ್ಣೆಯುಳ್ಳ ಸೂರ್ಯಕಾಂತಿ ಬೀಜಗಳನ್ನು ಆರಿಸಿಕೊಂಡು ಉಳಿದುದನ್ನು ಬಿಡುತ್ತದೆ, ಕೊಬ್ಬು ಬೆಳೆದು ಮೂಳೆ ಸೊರಗುತ್ತದೆ. ತಿನಿಸೆಂದರೆ ಹುಣಿಸೆಬೀಜದ ಗಾತ್ರದ ಸೌತೆಕಾಯಿಯ ತುಂಡು, ಬೀಜ ತೆಗೆದ ಸೇಬಿನ ಅಷ್ಟೇ ಚೂರು, ಒಂದೆರಡು ಕುಂಬಳಬೀಜ, ಉಪ್ಪಿಲ್ಲದೆ ಬೇಯಿಸಿದ ಅನ್ನದ ನಾಲ್ಕು ಅಗುಳು. ಅದೂ ವಾರದಲ್ಲಿ ಎರಡು ಮೂರು ಬಾರಿ, ಒಂದು ಸಲಕ್ಕೆ ಒಂದೇ ಬಗೆ. ನಮ್ಮ ನಾಡಿನ ನವಣೆಯ ತೆನೆಯನ್ನು ಒಂದು ಅಂಗುಲ ಮುರಿದು ಕೊಟ್ಟರೆ ಕಾಳು ಬಿಡಿಸಿಕೊಳ್ಳುವ ಕೆಲಸವೂ ಅದಕ್ಕೆ ದೊರೆಯುತ್ತದೆ. ಮುಂಬಲ್ಲುಗಳು ಬದುಕಿರುವಷ್ಟು ಕಾಲವೂ ಬೆಳೆಯುತ್ತಿರುವುದರಿಂದ ಕಡಿಯಲು ಗಟ್ಟಿಯಾದುದು ಏನಾದರೂ ಪಂಜರದಲ್ಲಿ ಇರಲೇಬೇಕು. ಕುಳ್ಳ ಜಾತಿಯವಕ್ಕೆ ಮಧುಮೇಹ ಬೇಗ ತಗಲುವುದರಿಂದ ಹಣ್ಣನ್ನೇ ಬಿಡುವುದು ಕ್ಷೇಮ.

ಕೊಡಬಾರದವು ಹಲವಿವೆ. ಚಾಕೊಲೇಟು ಅದಕ್ಕೆ ವಿಷ. ಸೇಬಿನ ಬೀಜ, ಕಹಿ ಬಾದಾಮಿ, ಹಸಿ ರಾಜ್ಮಾ, ಹಸಿ ಆಲೂಗಡ್ಡೆ, ಟೊಮೇಟೊ ಗಿಡದ ಎಲೆ, ಕಿತ್ತಳೆ ನಿಂಬೆಗಳಂತಹ ಹುಳಿ ಹಣ್ಣು ಇವೆಲ್ಲ ವರ್ಜ್ಯ. ಈರುಳ್ಳಿ ಬೆಳ್ಳುಳ್ಳಿಗಳೂ ವರ್ಜ್ಯ. ಈ ಒಂದು ವಿಷಯದಲ್ಲಿ ಶ್ರಾವಕರ ಅಡಿಗೆಮನೆಯಲ್ಲಿ ವಾಸಿಸುವ ಹ್ಯಾಮ್‌ಸ್ಟರ್ ಅದೃಷ್ಟಶಾಲಿಯೆನ್ನಬೇಕು. ಬೆಲ್ಲ, ಕಡಲೆಮಿಠಾಯಿ, ಹೋಳಿಗೆಯಂತಹ ಅಂಟುವ ಸಿಹಿಗಳು ಕೆನ್ನೆಚೀಲದ ಒಳಚರ್ಮಕ್ಕೆ ಹತ್ತಿಕೊಂಡು ಹುಣ್ಣಾಗುತ್ತವೆ. ಚೂಪಾದ ಹೊಟ್ಟು, ಮುಳ್ಳಿನಂತಹ ಧಾನ್ಯದ ಕೂದಲು ಅದನ್ನು ಚುಚ್ಚುತ್ತವೆ. ಹಸಿಯ ತಿನಿಸು ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಉಳಿದುದನ್ನು ತೆಗೆಯಬೇಕು, ಉಗ್ರಾಣವನ್ನೂ ನೋಡಬೇಕು. ಆದರೆ ಒಣ ಕಾಳಿನ ದಾಸ್ತಾನನ್ನು ಪೂರ್ತಿಯಾಗಿ ಬರಿದು ಮಾಡಬಾರದು. ಕೂಡಿಟ್ಟದ್ದು ಮಾಯವಾದರೆ ಅದು ಕಳವಳಗೊಳ್ಳುತ್ತದೆ. ಹೊಸದಾಗಿ ತಂದ ಮರಿಗೆ ಮೊದಲ ದಿನಗಳಲ್ಲಿ ಅಂಗಡಿಯಲ್ಲಿ ತಿನ್ನುತ್ತಿದ್ದುದನ್ನೇ ಕೊಡಬೇಕು, ತಿನಿಸಿನ ಮಾತೇ ಬೇಡ.

ಈಗ ಶ್ರಾವಕರ ಮನೆಗೆ ಮಾತ್ರ ಎದುರಾಗುವ ಒಂದು ತೊಡಕು. ಹ್ಯಾಮ್‌ಸ್ಟರ್ ಹಗಲೆಲ್ಲ ನಿದ್ರಿಸಿ ಸೂರ್ಯಾಸ್ತದ ಹೊತ್ತಿಗೆ ಏಳುತ್ತದೆ. ಅದರ ದಿನ ಆರಂಭವಾಗುವುದೇ ರಾತ್ರಿಭೋಜನ ತ್ಯಾಗ ಮಾಡಿದವರ ಊಟ ಮುಗಿದ ಮೇಲೆ. ವ್ರತನಿಷ್ಠರಾದ ಕೆಲವರು ಹೊತ್ತು ಮುಳುಗುವ ಮೊದಲು ಅದನ್ನು ಎಬ್ಬಿಸಿ ತಿನ್ನಿಸಿ, ಅನಂತರ ಬಟ್ಟಲನ್ನು ತೆಗೆದಿಡಬೇಕೆಂದು ಯೋಚಿಸಬಹುದು. ಇದು ವ್ರತವನ್ನು ತಪ್ಪಾಗಿ ತಿಳಿದಂತೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅಧೀನದಲ್ಲಿರುವ ಜೀವಿಗೆ ಹೊತ್ತಿಗೆ ಸರಿಯಾಗಿ ಅನ್ನಪಾನ ಸಿಗದಂತೆ ತಡೆಯುವುದೂ ಒಂದು. ಆ ಹೊತ್ತನ್ನು ನಿರ್ಣಯಿಸುವುದು ಜೀವಿಯ ಹಸಿವೆಯೇ ಹೊರತು ಯಜಮಾನನ ಗಡಿಯಾರವಲ್ಲ. ವ್ರತವು ತಿಳಿದು ಸ್ವೀಕರಿಸಿದವನ ನಾಲಗೆಯ ಮೇಲಿರತಕ್ಕದ್ದು. ಸ್ವೀಕರಿಸದ ಜೀವಿಯ ಮೇಲೆ ಹೇರಿದಾಗ ಅದು ಉಪವಾಸವಾಗುವುದಿಲ್ಲ, ಬರಿಯ ಹಸಿವಾಗುತ್ತದೆ. ಹಗಲಲ್ಲಿ ಮಕ್ಕಳು ಆಸೆಯಿಂದ ಅದನ್ನು ಎಬ್ಬಿಸಿ ತಿನಿಸು ತೋರಿಸುವುದೂ ಅದಕ್ಕೆ ಪೀಡೆಯೇ. ನಡುರಾತ್ರಿ ಎಬ್ಬಿಸಿ ಲಾಡು ಕೊಟ್ಟರೆ ಆಗುವ ಸಂತೋಷ ಎಷ್ಟೆಂದು ಎಲ್ಲರೂ ಬಲ್ಲರು.

ಇದಕ್ಕಿಂತ ಕಠಿಣವಾದುದು ಹುಳುಗಳ ಪ್ರಶ್ನೆ. ಬಯಲಿನಲ್ಲಿ ಈ ಪ್ರಾಣಿ ಕಾಳಿನೊಂದಿಗೆ ಕೀಟಗಳನ್ನೂ ತಿನ್ನುತ್ತದೆ. ಪಟ್ಟಣದ ಅಂಗಡಿಗಳಲ್ಲಿ ಒಣಗಿಸಿದ ಹುಳುಗಳ ಪೊಟ್ಟಣವನ್ನೂ ತಿನಿಸೆಂದು ಮಾರುತ್ತಾರೆ. ಬಿಲದ ಬಳಿ ಅದು ತಾನಾಗಿ ಹಿಡಿದು ತಿಂದುದಕ್ಕೆ ಮನುಷ್ಯನು ಹೊಣೆಯಲ್ಲ. ಹಣ ಕೊಟ್ಟು ತಂದು ಹಾಕಿದುದಕ್ಕೆ ಹೊಣೆ. ಹಾಗೆಂದು ಬರಿಯ ಅಕ್ಕಿ ರಾಗಿಗಳಲ್ಲಿ ಅದನ್ನು ಸಾಕಿದರೆ ಪ್ರೋಟೀನಿನ ಕೊರತೆಯಿಂದ ಅದು ಸೊರಗುತ್ತದೆ, ಅದೂ ಹಿಂಸೆಯೇ. ಸೋಯಾ ಮೊದಲಾದ ಸಸ್ಯಮೂಲದಿಂದ ಪ್ರೋಟೀನ್ ಒದಗಿಸುವ ಗುಳಿಗೆ ಆಹಾರವನ್ನು ಹುಡುಕಿ ತರುವುದು ಮಾರ್ಗ. ಅಷ್ಟು ಶ್ರಮಕ್ಕೆ ಸಿದ್ಧವಿಲ್ಲದವರು ಆ ಪ್ರಾಣಿಯನ್ನು ಕೊಳ್ಳದಿರುವುದೇ ಯೋಗ್ಯ. ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯ ಪದ್ಧತಿ ಇಲ್ಲಿ ನೆನೆಯತಕ್ಕದ್ದು. ಅಲ್ಲಿ ಪಾರಿವಾಳ, ಗಿಳಿಗಳನ್ನು ಒಳಗಿರಿಸಿಕೊಂಡು ಶುಶ್ರೂಷೆ ಮಾಡುತ್ತಾರೆ. ಮಾಂಸಾಹಾರಿ ಹದ್ದುಗಳು ಬಂದರೆ ಗಾಯಕ್ಕೆ ಔಷಧಿ ಹಾಕುತ್ತಾರೆ, ಒಳಗಿರಿಸಿಕೊಳ್ಳುವುದಿಲ್ಲ. ಹದ್ದಿನ ನೋವನ್ನು ಕಡೆಗಣಿಸಲಿಲ್ಲ, ಅದಕ್ಕೆ ಕಾಳು ತಿನ್ನಿಸಿ ಅಹಿಂಸಕನನ್ನಾಗಿ ಮಾಡಲೂ ಹೋಗಲಿಲ್ಲ.

ಮತ್ತೆ ಆ ಮಗುವಿನ ಪ್ರಶ್ನೆಗೆ ಬರಬೇಕು. ಪಶುವೈದ್ಯರು ಹೇಳಿದ್ದು ಇಷ್ಟು: ಎಳೆಯ ಹ್ಯಾಮ್‌ಸ್ಟರ್‌ಗಳಿಗೆ ಬಾಲ ಒದ್ದೆಯಾಗುವ ಈ ಭೇದಿಬೇನೆ ಒಂದು ಬ್ಯಾಕ್ಟೀರಿಯಾದಿಂದ ಬರುತ್ತದೆ, ಅಂಗಡಿಯಿಂದಲೇ ಅದು ಬಂದಿರಬಹುದು, ಸ್ಥಳಾಂತರದ ಆಯಾಸ, ಗದ್ದಲ, ಆಹಾರದಲ್ಲಿ ಹಠಾತ್ ಬದಲಾವಣೆ ಇವು ಬೇನೆಗೆ ದಾರಿ ಮಾಡಿಕೊಡುತ್ತವೆ. ದ್ರಾಕ್ಷಿಯೇ ಕೊಂದಿತೆಂದು ಹೇಳಲು ಯಾರಿಗೂ ಸಾಧ್ಯವಿಲ್ಲ, ಕೊಲ್ಲಲಿಲ್ಲವೆಂದು ಹೇಳಲೂ ಸಾಧ್ಯವಿಲ್ಲ. ನ್ಯಾಯಾಲಯದಲ್ಲಾದರೆ ಸಂಶಯದ ಲಾಭ ಆ ಮನೆಯವರಿಗೆ ದೊರೆಯುತ್ತಿತ್ತು.

ಆದರೆ ಶಾಸ್ತ್ರಕಾರರು ಈ ವಿಷಯವನ್ನು ಬೇರೆ ಕಡೆಯಿಂದ ತೂಗಿದ್ದಾರೆ. ಉಮಾಸ್ವಾಮಿಗಳ ಹಿಂಸೆಯ ಲಕ್ಷಣದಲ್ಲಿ ಪ್ರಾಣಹಾನಿಗಿಂತ ಮೊದಲು ಬರುವುದು ಪ್ರಮಾದ, ಎಂದರೆ ಎಚ್ಚರಗೇಡಿತನ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಇನ್ನೂ ನಿಷ್ಠುರವಾಗಿ ವಿವರಿಸುತ್ತಾರೆ. ನೋಡಿ ನಡೆಯುವವನ ಕಾಲಡಿಗೆ ಜೀವಿ ಸಿಕ್ಕರೂ ಅವನಿಗೆ ಹಿಂಸೆಯ ದೋಷವಿಲ್ಲ. ರಾಗಾದಿಗಳ ವಶನಾಗಿ ಎಚ್ಚರತಪ್ಪಿ ನಡೆಯುವವನ ಮುಂದೆ, ಜೀವಿ ಸತ್ತರೂ ಸಾಯದಿದ್ದರೂ, ಹಿಂಸೆ ಓಡುತ್ತಿರುತ್ತದೆ. ಇಲ್ಲಿ ರಾಗವೆಂಬ ಶಬ್ದವನ್ನು ಗಮನಿಸಬೇಕು. ದ್ವೇಷದಿಂದ ಮಾತ್ರ ಹಿಂಸೆಯಾಗುತ್ತದೆಂಬುದು ಸಾಮಾನ್ಯರ ಎಣಿಕೆ. ಮುದ್ದು, ಮೋಹ, ತನ್ನ ಕೈಯಿಂದಲೇ ಅದು ತಿನ್ನಲೆಂಬ ಆಸೆ, ತಿನ್ನುವುದನ್ನು ನಾಲ್ಕು ಜನ ನೋಡಲೆಂಬ ಆಸೆ ಇವೂ ರಾಗವೇ. ಅಂದು ಪಂಜರದ ಸುತ್ತ ನಿಂತವರಲ್ಲಿ ಎಷ್ಟು ಮಂದಿ ಆ ಪ್ರಾಣಿಯನ್ನು ನೋಡುತ್ತಿದ್ದರು, ಎಷ್ಟು ಮಂದಿ ತಮ್ಮ ಔದಾರ್ಯವನ್ನು ನೋಡುತ್ತಿದ್ದರು ಎಂಬುದನ್ನು ಅವರವರೇ ಹೇಳಬೇಕು.

ಈ ದೃಷ್ಟಿಯಿಂದ ನೋಡಿದರೆ ಆ ಪ್ರಾಣಿ ಬದುಕಿ ಉಳಿದಿದ್ದರೂ ದೋಷ ಅಷ್ಟೇ ಇರುತ್ತಿತ್ತು. ಪಕ್ಕದ ಮನೆಯಲ್ಲಿ ದಿನವೂ ಬಿಸ್ಕತ್ತು ತಿಂದು ಕೊಬ್ಬಿ, ಇನ್ನೂ ಓಡಾಡುತ್ತಿರುವ ಹ್ಯಾಮ್‌ಸ್ಟರ್‌ನ ಯಜಮಾನರು ತಾವು ನಿರ್ದೋಷಿಗಳೆಂದು ತಿಳಿಯಲು ಆಧಾರವಿಲ್ಲ. ಹಾಗೆಯೇ ಎಲ್ಲ ಎಚ್ಚರ ವಹಿಸಿ, ಅಳತೆಯಲ್ಲಿ ಕೊಟ್ಟು, ಆದರೂ ಬೇನೆಯಿಂದ ಪ್ರಾಣಿಯನ್ನು ಕಳೆದುಕೊಂಡವರು ತಮ್ಮನ್ನು ತಾವು ಹಳಿದುಕೊಳ್ಳಬೇಕಾಗಿಲ್ಲ. ಮೊದಲೇ ಅದರ ಆಯುಸ್ಸು ಎರಡು ಮೂರು ವರ್ಷ.

ಅಜ್ಜ ಮಗುವಿಗೆ ಎರಡು ದಿನ ಬಿಟ್ಟು ಉತ್ತರ ಹೇಳಿದರು. "ಕೊಲ್ಲಬೇಕು ಅಂತ ಯಾರೂ ಮಾಡಲಿಲ್ಲ ಮಗಳೇ. ಆದರೆ ಅದಕ್ಕೇನು ಬೇಕು ಅಂತ ನಾವು ಯಾರೂ ಕೇಳಿ ತಿಳ್ಕೊಳ್ಳಲಿಲ್ಲ. ಅದು ನನ್ನ ತಪ್ಪು ಮೊದಲು; ದೊಡ್ಡವನು ನಾನು." ಮಗು ಅತ್ತಿತು. ಅದರ ಹತ್ತಿರ ಕ್ಷಮೆ ಕೇಳಬಹುದೇ ಎಂದಿತು. ಕೇಳಬಹುದೆಂದು ಅಜ್ಜ ಹೇಳಿದರು. ಇಬ್ಬರೂ ಖಾಲಿ ಪಂಜರದ ಮುಂದೆ ಕೈಮುಗಿದು ಕುಳಿತರು. ಮನೆಯವರು ಇದನ್ನು ನೋಡಿ ನಗಲಿಲ್ಲ.

ಕೆಲವು ತಿಂಗಳ ಮೇಲೆ ಅದೇ ಕಟ್ಟಡದ ಒಂದು ಕುಟುಂಬ ಶ್ರವಣಬೆಳಗೊಳಕ್ಕೆ ಹೊರಟಾಗ ತಮ್ಮ ಹ್ಯಾಮ್‌ಸ್ಟರನ್ನು ಮೂರು ದಿನಗಳ ಮಟ್ಟಿಗೆ ಇವರ ಮನೆಯಲ್ಲಿ ಬಿಟ್ಟಿತು. ಹಿರಿಯರು ಎಂದಿನಂತೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಸಾಮಾಯಿಕಕ್ಕೆ ಕುಳಿತರು. ಎದ್ದ ಮೇಲೆ ಎಂಟು ಗಂಟೆಯ ಸುಮಾರಿಗೆ ಅಡಿಗೆಮನೆಯ ದೀಪ ಹಚ್ಚಿ, ಮೊಮ್ಮಗಳು ತಕ್ಕಡಿಯಲ್ಲಿ ತೂಗಿಟ್ಟ ಗುಳಿಗೆಗಳನ್ನು ಬಟ್ಟಲಿಗೆ ಹಾಕಿದರು; ಸೌತೆಕಾಯಿಯ ಸಣ್ಣ ತುಂಡೊಂದನ್ನು ಅಂಗೈಯಲ್ಲಿಟ್ಟು ಪಂಜರದ ಬಾಗಿಲಲ್ಲಿ ಹಿಡಿದರು. ಪ್ರಾಣಿ ಮೂಸಿ ನೋಡಿತು, ತೆಗೆದುಕೊಳ್ಳಲಿಲ್ಲ. "ಬೇಡವಂತೆ ಅಜ್ಜಾ" ಎಂದಳು ಮಗು. ಅವರು ಕೈ ಹಿಂತೆಗೆದು ಬಾಗಿಲು ಮುಚ್ಚಿದರು.